ಹಕಾರವಿಲ್ಲದ ಹಾಜರಿ ಪುಸ್ತಕ

ಸ್ಕೂಲಿನಲ್ಲಿ ನಲವತ್ತು ಮಕ್ಕಳಿಗೆ ಪಾಠ ಹೇಳುವಾಗ ಆಗದ ಫಜೀತಿಗಳು, ಮನೆಯಲ್ಲಿ ಒಂದೇ ಮಗುವಿನ ಮುಂದೆ ಕೂತರೆ ಸಾಲುಗಟ್ಟಿ ಬರುತ್ತವೆ. ಅನುಭವದಿಂದಲೇ ಹೇಳುತ್ತಿದ್ದೇನೆ. ಕೇಳಿದವರು ನಗುತ್ತಾರೆ. ನಾನು ಅಡ್ಡಿ ಮಾಡುವುದಿಲ್ಲ, ನಗುವಂಥವೇ ಅವು. ಆದರೆ ಮೊದಲು ಒಂದು ಸೋಮವಾರದ ವಿಷಯ ಹೇಳಬೇಕು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನಾನು ಹುಣಸೂರಿನ ಒಂದು ಸ್ಕೂಲಿನಲ್ಲಿ ಮೇಷ್ಟರಾಗಿದ್ದೆ. ಹತ್ತು ಗಂಟೆಗೆ ಇನ್ನು ಹದಿನೈದು ನಿಮಿಷವಿತ್ತು. ಕೋಟು ಹಾಕಿಕೊಂಡು ಸೈಕಲ್ಲನ್ನು ಜಗಲಿಯಿಂದ ಇಳಿಸುತ್ತಿದ್ದೆ. ಒಳಗಿನಿಂದ ನನ್ನ ಹೆಂಡತಿ ಕೂಗಿದಳು:

"ರೀ, ಆಲು ಒಲೆ ಮ್ಯಾಲದೆ. ವಸಿ ನೋಡ್ಕಳಿ, ಬಾವಿತಾವು ಓಗ್ಬತ್ತೀನಿ."

"ಆಲು ಅಲ್ಲ, ಹಾಲು" ಎಂದೆ.

"ಅದೇ ಕಣ್ರೀ, ಆಲು" ಎಂದಳು.

ಮದುವೆಯಾದ ಹದಿಮೂರು ವರ್ಷಗಳಲ್ಲಿ ಈ ಮಾತು ನಮ್ಮ ನಡುವೆ ಎಷ್ಟು ಸಲ ನಡೆದಿತ್ತೋ. ನನಗೆ ಹೊತ್ತಾಗಿತ್ತು. ಹಾಲು ನೋಡದೆ ಹೊರಟುಬಿಟ್ಟೆ. ಮೂರನೇ ಪೀರಿಯಡ್ಡಿನಲ್ಲಿ ಸ್ಕೂಲಿನ ಜವಾನ ಬಾಗಿಲ ಬಳಿ ಬಂದು, "ಮೇಷ್ಟ್ರೇ, ಮನೆಗೆ ಓಗ್ಬೇಕಂತೆ" ಎಂದ. ಬಾವಿಯಿಂದ ಬಂದವಳು ಕೊಡ ಇಳಿಸಿ ಒಲೆಯ ಮುಂದೆ ಕೂತಿದ್ದಳು, ಮತ್ತೆ ಏಳಲಿಲ್ಲ. ಡಾಕ್ಟರು ಎದೆಯ ಕಾಯಿಲೆಯೊಂದರ ಹೆಸರು ಹೇಳಿದರು. ನಾನು ಅದನ್ನು ಚೀಟಿಯ ಮೇಲೆ ಬರೆದುಕೊಂಡೆ. ಹಾಲು ಉಕ್ಕಿ ಒಲೆ ಆರಿತ್ತು.

ನಮ್ಮ ಮಗಳಿಗೆ ಆಗ ಒಂಬತ್ತು ವರ್ಷ. ನಾನು ಕಂಪಲಾಪುರದಲ್ಲಿದ್ದಾಗ, ಅವಳ ಮೂರನೇ ವಯಸ್ಸಿನಲ್ಲಿ, ಜ್ವರ ಬಂದು ಎಡಗಾಲು ಸೊರಗಿಹೋಗಿತ್ತು. ಸ್ಕೂಲು ಕಂಡವಳಲ್ಲ. ಅಕ್ಷರ ಕಲಿಸಿದವಳು ತಾಯಿ, ಮನೆಯಲ್ಲಿದ್ದ ಮೇಷ್ಟರಲ್ಲ. ಆ ಸೋಮವಾರದ ಮೇಲೆ ಮಗಳು ಊಟಕ್ಕೆ, ನೀರಿಗೆ ಎರಡು ಮಾತಾಡುತ್ತಿದ್ದಳು. ಪುಸ್ತಕ ಎದುರಿಗಿಟ್ಟರೆ ಬಾಯಿ ಬಿಡುತ್ತಿರಲಿಲ್ಲ.

ಚುಂಚನಕಟ್ಟೆಯ ಕಡೆಯಿಂದ ನಮ್ಮ ಅತ್ತೆ, ಎಂದರೆ ನನ್ನ ಹೆಂಡತಿಯ ತಾಯಿ, ಬಂದು ಉಳಿದುಕೊಂಡಿದ್ದರು. ತಿಂಗಳು ಕಳೆದ ಮೇಲೆ ಒಂದು ದಿನ ಕಂಬಕ್ಕೆ ಒರಗಿ ಹೇಳಿದರು:

"ಅಳಿದೇವ್ರೇ, ನೀವು ಸ್ಕೂಲಿಗೆ ಓದ್ರೆ ಮಗು ಒಂಟಿ. ಬ್ಯಾಸ್ಗೆ ರಜಾಗಂಟ ನೋಡ್ತೀನಿ. ಅಷ್ಟ್ರಲ್ಲಿ ಓದಿ ಬರ್ದು ಸ್ಕೂಲಿಗೆ ಸೇರ್ಕಂಡ್ರೆ ಸರಿ. ಇಲ್ಲಾಂದ್ರೆ ನಮ್ಮೂರ್ಗೆ ಕರ್ಕೊಂಡೋಯ್ತೀನಿ. ಗದ್ದೆ ಬದೀಲಿ ಕೂತ್ಕಂಡು ಕಾಗೆ ಓಡಿಸ್ಲಿ. ಅದ್ಕೆ ಕಾಲು ಬ್ಯಾಡ."

ಸ್ಕೂಲಿಗೆ ಸೇರಿಸುವುದು ಸುಲಭವಿರಲಿಲ್ಲ. ಒಂಬತ್ತು ವರ್ಷದವಳನ್ನು ನೇರವಾಗಿ ನಾಲ್ಕನೇ ಕ್ಲಾಸಿಗೆ ತೆಗೆದುಕೊಳ್ಳಬೇಕಾದರೆ ಇನ್‌ಸ್ಪೆಕ್ಟರು ಪರೀಕ್ಷೆ ಮಾಡಿ ಸಹಿ ಹಾಕಬೇಕು. ಅವರು ಬರುವುದಕ್ಕೆ ಐದು ತಿಂಗಳಿತ್ತು.

೧. ಬೂದಿ ಮೊದಲು

ಹೆಂಡತಿಯ ಪಾಠಪುಸ್ತಕದ ವಿಷಯ. ಸ್ಕೂಲಿನಲ್ಲಿ ಬೇಡವಾದ ಒಂದು ಹಾಜರಿ ಪುಸ್ತಕವನ್ನು ನಾನು ಹಿಂದೊಮ್ಮೆ ಮನೆಗೆ ತಂದಿದ್ದೆ. ಹಾಳೆಯ ಒಂದು ಮಗ್ಗುಲಲ್ಲಿ ಯಾವುದೋ ಕಾಲದ ಮಕ್ಕಳ ಹೆಸರು, ಇನ್ನೊಂದು ಮಗ್ಗುಲು ಖಾಲಿ. ಮೂರನೇ ಕ್ಲಾಸು ಮುಗಿಸಿದ್ದ ಅವಳು ಆ ಖಾಲಿ ಮಗ್ಗುಲಲ್ಲಿ ಮಗಳಿಗೆ ಅಕ್ಷರ ಬರೆದುಕೊಟ್ಟಳು. ಕೊನೆಯ ಹಾಳೆಯನ್ನು ಅನ್ನದ ಅಗುಳಿನಿಂದ ರಟ್ಟಿಗೆ ಅಂಟಿಸಿದ್ದಳು. ರಟ್ಟು ಗಟ್ಟಿಯಾಗಲಿ ಎಂದಿರಬೇಕು ಅಂದುಕೊಂಡಿದ್ದೆ. ಪುಸ್ತಕಕ್ಕೆ ಅವಳು ಇಟ್ಟ ಹೆಸರು 'ಆಜ್ರಿ ಬುಕ್ಕು'.

ಅದರಲ್ಲಿ ವರ್ಣಮಾಲೆಯ ಕ್ರಮವಿರಲಿಲ್ಲ, ಮನೆಗೆಲಸದ ಕ್ರಮವಿತ್ತು. ಬೆಳಿಗ್ಗೆ ಎದ್ದ ಕೂಡಲೇ ಏನು ಮಾಡುತ್ತಾಳೋ ಅದು ಮೊದಲ ಪುಟ. ಒಲೆಯ ಬೂದಿ ತೆಗೆಯುವುದು, ಆದ್ದರಿಂದ ಬೂದಿಯ 'ಬ'. ಎರಡನೆಯದು ಸೌದೆಯ 'ಸ'. ಮೂರನೆಯದು ಒಲೆಯ 'ಒ'. ಅಕಾರ ಬರುವ ಹೊತ್ತಿಗೆ ಅಕ್ಕಿ ತೊಳೆಯುವ ಸಮಯವಾಗಿರುತ್ತಿತ್ತು.

ಮೊದಲ ಸಲ ನೋಡಿದಾಗ ನನಗೆ ಸಹಿಸಲಾಗಲಿಲ್ಲ. "ಮಗುವಿನ ವಿದ್ಯೆಯನ್ನು ಯಾರಾದರೂ ಬೂದಿಯಿಂದ ಶುರು ಮಾಡುತ್ತಾರೆಯೇ? ಮೊದಲು ಶ್ರೀಕಾರ ಹಾಕಬೇಡವೇ?" ಎಂದೆ.

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನ ಹಣೆಯ ಕಡೆ ಬೆರಳು ತೋರಿಸಿದಳು. "ನೀವು ಬೆಳಗ್ಗೆದ್ದು ಅಣೆಗೆ ಬಳ್ಕಂಡಿರೋದು ಏನ್ರೀ ಮತ್ತೆ?"

ಹಣೆಯ ಮೇಲೆ ವಿಭೂತಿಯಿತ್ತು. ನಾನು ಸ್ಕೂಲಿಗೆ ಹೊರಟೆ.

೨. ಹಕಾರಕ್ಕೆ ರಜಾ

ಒಂದು ಭಾನುವಾರ ನಮ್ಮ ಸ್ಕೂಲಿನ ಮೂರು ಜನ ಮೇಷ್ಟರು ಮನೆಗೆ ಬಂದಿದ್ದರು. ಇದು ಅವಳು ಹೋಗುವುದಕ್ಕೆ ಒಂದು ವರ್ಷ ಮುಂಚಿನ ಮಾತು. ಅವಳು ಕಾಫಿ ತಂದಿಟ್ಟು, "ಆಲು ಸಾಕಾ, ಇನ್ನೊಂದ್ ಚೂರು ಆಕ್ಲಾ?" ಎಂದು ಕೇಳಿದಳು.

ನಾನು ಮೂವರ ಕಡೆ ತಿರುಗಿ, "ನಮ್ಮ ಮನೆಯ ವರ್ಣಮಾಲೆಯಲ್ಲಿ ಹಕಾರಕ್ಕೆ ವರ್ಷವಿಡೀ ರಜಾ" ಎಂದೆ.

ಮೂವರೂ ಬಿದ್ದು ಬಿದ್ದು ನಕ್ಕರು. ಒಬ್ಬರ ಮೂಗಿಗೆ ಕಾಫಿ ಹತ್ತಿತು. ಅವಳೂ ನಕ್ಕಳು. ನಾನು ಹೇಳಿದ ಹಾಸ್ಯಗಳಲ್ಲೆಲ್ಲ ಅಷ್ಟು ನಗು ತಂದದ್ದು ಅದೊಂದೇ. ಸ್ಕೂಲಿನಲ್ಲಿ ಮತ್ತೆ ನಾಲ್ಕಾರು ಸಲ ಹೇಳಿ ನಗಿಸಿದೆ.

೩. ಎದುರಿಗೇ ಗೈರುಹಾಜರಿ

ಅತ್ತೆ ಗಡುವು ಕೊಟ್ಟ ಮೇಲೆ ನಾನು ಆಜ್ರಿ ಬುಕ್ಕನ್ನು ಪೆಟ್ಟಿಗೆಗೆ ಹಾಕಿದೆ. ಆಗಷ್ಟೇ ಹೊಸ ಪದ್ಧತಿಯ ಟ್ರೈನಿಂಗ್ ಮುಗಿಸಿ ಬಂದಿದ್ದೆ. ಮರಳ ಮೇಲೆ ತೀಡುವುದು ಬೇಡ, ಬಾಯಿಪಾಠ ಬೇಡ. ಚಿತ್ರದ ಕಾರ್ಡು ತೋರಿಸಿ ಇಡೀ ಪದವನ್ನೇ ಕಲಿಸಬೇಕು, ವೇಳಾಪಟ್ಟಿ ಇರಬೇಕು, ಗಂಟೆ ಹೊಡೆಯಬೇಕು. ಇದನ್ನು ಮನೆಯಲ್ಲಿ ಚಾಚೂ ತಪ್ಪದೆ ನಡೆಸುವುದೆಂದು ತೀರ್ಮಾನಿಸಿದೆ.

ಮನೆಯಲ್ಲಿದ್ದ ಗಂಟೆ ದೇವರ ಮನೆಯದು. ಪೀರಿಯಡ್ಡು ಬದಲಾದಾಗಲೆಲ್ಲ ಅದನ್ನು ಅಲ್ಲಾಡಿಸುತ್ತಿದ್ದೆ. ಪ್ರತಿ ಸಲವೂ ಅತ್ತೆ ಒಳಗಿನಿಂದ ಕೈಮುಗಿದುಕೊಂಡು ಓಡಿಬರುತ್ತಿದ್ದರು. ಮಂಗಳಾರತಿ ಇರಲಿಲ್ಲ. ಗೋಡೆಯ ಮೇಲೆ ವೇಳಾಪಟ್ಟಿ ಇತ್ತು. ಮೂರನೇ ದಿನ ಅವರು ಅದಕ್ಕೇ ಕೈಮುಗಿದು ಒಳಗೆ ಹೋದರು.

ಮೊದಲು ಹಾಜರಿ. ಮಗಳ ಹೆಸರು ಕರೆದೆ. ಒಂದು ಮೊಳ ದೂರದಲ್ಲಿ ಮಣೆಯ ಮೇಲೆ ಕೂತಿದ್ದವಳು ಉತ್ತರ ಕೊಡಲಿಲ್ಲ. ಮತ್ತೆ ಕರೆದೆ. ನೆಲ ನೋಡುತ್ತಿದ್ದಳು. ಉತ್ತರ ಕೊಡದವರಿಗೆ ಗೈರುಹಾಜರಿ ಹಾಕಬೇಕೆಂಬುದು ನಿಯಮ. ಹಾಕಿದೆ. ಹನ್ನೊಂದು ದಿನ ಹೀಗೇ ನಡೆಯಿತು.

ಹನ್ನೆರಡನೇ ದಿನ ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. "ಏನಪ್ಪಾ ಅದು ಗೀಚ್ತಿರೋದು?"

"ಮಗು ಬಂದಿಲ್ಲ ಎಂದು ಬರೆಯುತ್ತಿದ್ದೇನೆ."

"ಅಯ್ಯೋ ಶಿವ್ನೇ! ಮುಂದೆ ಕೂತಿರೋ ಒಂದು ಮಗೀನೇ ಕಾಣ್ದೋರು, ಅಲ್ಲಿ ನಲವತ್ತು ಮಕ್ಳ ಎಂಗ್ ಕಾಯ್ತೀರಿ?"

೪. ಹಡಗು

ಕಾರ್ಡುಗಳು ಚೆನ್ನಾಗಿದ್ದವು, ಬಣ್ಣದವು. ಹಕಾರಕ್ಕೆ ಹಡಗು. ಹುಣಸೂರಿನಲ್ಲಿ ಹಡಗು ಕಂಡವರು ಯಾರೂ ಇರಲಿಲ್ಲ, ನಾನೂ ಕಂಡಿರಲಿಲ್ಲ. ಆದರೂ ಕಾರ್ಡು ಎತ್ತಿ ಹಿಡಿದು, "ಇದೇನು?" ಎಂದೆ. ಮಗಳು ಸುಮ್ಮನಿದ್ದಳು. ಅವರೆಕಾಯಿ ಸುಲಿಯುತ್ತಿದ್ದ ಅತ್ತೆಗೆ ತಡೆಯಲಾಗಲಿಲ್ಲ.

"ಅರ್ಗೋಲು ಕಣವ್ವ, ಏಳು."

"ಹರಿಗೋಲು ಅಲ್ಲ ಅತ್ತೆ, ಹಡಗು. ಸಮುದ್ರದಲ್ಲಿ ಹೋಗುತ್ತದೆ."

"ನೀರ್ಮ್ಯಾಲೆ ಓಯ್ತದೋ ಇಲ್ವೋ?"

"ಹೋಗುತ್ತದೆ."

"ಜನ ಕೂರ್ತಾರೋ ಇಲ್ವೋ?"

"ಕೂರುತ್ತಾರೆ."

"ಇನ್ನೇನ್ಮತ್ತೆ? ಕಟ್ಟೆತಾವು ದಿನಾ ನೋಡ್ತೀನಿ. ಅರ್ಗೋಲೇ."

ಹಡಗಿಗೆ ಬುಟ್ಟಿಯ ಆಕಾರವಿಲ್ಲ, ಕಂಬಗಳಿವೆ, ಬಟ್ಟೆ ಕಟ್ಟಿದೆ ಎಂದು ತೋರಿಸಿದೆ. ಅವರು ಕಾರ್ಡನ್ನು ಹತ್ತಿರ ಹಿಡಿದು ನೋಡಿ ಹೇಳಿದರು: "ಬಟ್ಟೆ ಒಗ್ದು ಒಣಗಾಕವ್ರೆ."

ಆ ಸಂಜೆ ಕಾರ್ಡು ಜೋಡಿಸುವಾಗ ನೋಡಿದೆ. ಹಡಗಿನ ಕಾರ್ಡು ಅಕಾರದ ಕಟ್ಟಿನಲ್ಲಿತ್ತು. ಅರಸ, ಅಳಿಲು, ಅರ್ಗೋಲು. ಇಟ್ಟವಳು ಮಗಳು. ಎರಡು ತಿಂಗಳಲ್ಲಿ ಅವಳು ಮಾಡಿದ ಮೊದಲ ಪಾಠ ಅದು.

೫. ಉಬ್ಬಸ

ತಪ್ಪಾದರೂ ಏನೋ ಒಂದು ಶುರುವಾಯಿತಲ್ಲ ಎಂದು ನಾನು ಹಕಾರವನ್ನೇ ಹಿಡಿದುಕೊಂಡೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿಯಬೇಕು, ಅಕ್ಷರ ಹೇಳಿದಾಗ ಬಿಸಿ ಗಾಳಿ ಅಂಗೈಗೆ ತಾಗಬೇಕು. ತಾಗಿದರೆ ಅದು ಹಕಾರ. ಈ ಆಟ ಮಗಳಿಗೆ ಹಿಡಿಸಿತು. ಗಾಳಿ ಬಿಟ್ಟಳು. ಹ ಎಂದಳು. ಸ್ಲೇಟಿನ ಮೇಲೆ ಗುಂಡಗೆ ಬರೆದಳು. ನನಗೆ ಆದ ಸಂತೋಷ ಒಂದು ವಾರ ಇತ್ತು.

ವಾರದ ಮೇಲೆ ಗಾಳಿ ನಿಲ್ಲಲಿಲ್ಲ. "ಹಪ್ಪಾ, ಹಜ್ಜಿ ಹೂಟಕ್ಕೆ ಕರೀತವ್ರೆ" ಎಂದು ಬಂದಳು. ಹಕ್ಕಿ ರೊಟ್ಟಿ ಬೇಕೆಂದಳು. ಹಾಕಾಶ ನೋಡಿದಳು. ಅತ್ತೆ ಗಾಬರಿಯಾಗಿ ಮೆಣಸು, ಶುಂಠಿ ಕುಟ್ಟಲು ಕೂತರು.

"ಏನಾಯಿತು ಅತ್ತೆ?"

"ಕಿವಿ ಕೇಳಾಕಿಲ್ವಾ? ಮಗೀಗೆ ಉಬ್ಸ ಬಂದದೆ. ಒಂದೊಂದು ಮಾತ್ಗೂ ಉಸ್ರು ಬುಡ್ತಾ ಅದೆ."

"ಉಬ್ಬಸ ಅಲ್ಲ ಅತ್ತೆ, ಹಕಾರ. ಹ... ಹ... ಹೀಗೆ. ನಾನೇ ಹೇಳಿಕೊಟ್ಟದ್ದು."

ಅವರು ನನ್ನ ಮುಖವನ್ನೇ ನೋಡಿ, "ಓ, ಅಂಟಿರೋದು ನಿಮ್ಮಿಂದ್ಲಾ!" ಎಂದು ಇನ್ನೊಂದು ಲೋಟ ತಂದರು. ಅಪ್ಪ ಮಗಳಿಬ್ಬರೂ ನಾಲ್ಕು ದಿನ ಕಷಾಯ ಕುಡಿದೆವು.

ಐದನೇ ದಿನ ಪಾಠಕ್ಕೆ ಕೂತಾಗ ಮಗಳು ಅಂಗೈಯನ್ನು ಬಾಯಿಯ ಮುಂದೆ ಹಿಡಿದು, "ಹವ್ವ ಹೆಲ್ಲವ್ಳೆ ಹಪ್ಪಾ?" ಎಂದು ಕೇಳಿದಳು.

ಒಂದೇ ವಾಕ್ಯದಲ್ಲಿ ಮೂರು ತಪ್ಪು. ತಿದ್ದಲಿಲ್ಲ. ಕಾರ್ಡುಗಳನ್ನು ದಾರದಿಂದ ಕಟ್ಟಿ ಅಟ್ಟಕ್ಕೆ ಹಾಕಿದೆ. ಗಂಟೆಯನ್ನು ದೇವರ ಮನೆಗೆ ಕೊಟ್ಟೆ. ವೇಳಾಪಟ್ಟಿ ಕಿತ್ತು ತೆಗೆದೆ. ಮನೆಯಲ್ಲಿ ಹಕಾರದ ಸದ್ದು ಅಡಗಿತು.

ಎರಡು ದಿನ ಕಿವಿಗೊಟ್ಟು ಕೇಳಿ ಅತ್ತೆ ಹೇಳಿದರು: "ನೋಡಿದ್ರಾ? ಕಷಾಯ ಇಡೀತು."

೬. ಒತ್ತಕ್ಷರ

ಪೆಟ್ಟಿಗೆಯಿಂದ ಆಜ್ರಿ ಬುಕ್ಕನ್ನು ಮತ್ತೆ ತೆಗೆದೆ. ಮಣೆ ಹಾಕಿ, ಮೊದಲ ಪುಟ ತೆರೆದು, "ಬೂದಿ" ಎಂದೆ. ಮಗಳು ನನ್ನನ್ನು ಮರುಕದಿಂದ ನೋಡಿದಳು.

"ಇಲ್ಲಿ ಅಲ್ಲ ಅಪ್ಪ. ಒಲೆ ಮುಂದೆ."

ಆಗ ತಿಳಿಯಿತು, ಆ ಪುಸ್ತಕದಲ್ಲಿ ಪಾಠ ಇರಲಿಲ್ಲ. ಪಾಠದ ಗುರುತು ಮಾತ್ರ ಇತ್ತು. ಬೂದಿ ತೆಗೆದು ನೆಲದ ಮೇಲೆ ಹರವಿ ಅದರಲ್ಲೇ 'ಬ' ಬರೆಯಬೇಕು. ಸೌದೆ ಇಡುವಾಗ ಎರಡು ಪುಳ್ಳೆ ಕೊಟ್ಟರೆ ಸಾಕು, ಅವಳು ಅಡ್ಡಗೆರೆ ಉದ್ದಗೆರೆ ಜೋಡಿಸುವಳು. ಮೇಷ್ಟರು ಮಾಡಬೇಕಾದ ಕೆಲಸ ಅಡಿಗೆ. ಟ್ರೈನಿಂಗಿನಲ್ಲಿ ನನಗೆ ಅದನ್ನು ಕಲಿಸಿರಲಿಲ್ಲ. ಅತ್ತೆ ಸಹಾಯಕ್ಕೆ ಬಂದರೆ ಮಗಳು ಒಪ್ಪುತ್ತಿರಲಿಲ್ಲ. "ಪಾಠ ಏಳೋರೇ ಮಾಡ್ಬೇಕು ಅಜ್ಜಿ" ಎನ್ನುವಳು. ಊದುಕೊಳವೆ ಹಿಡಿದು ಊದಿದೆ. ಬೂದಿಯ ಪಾಠವೆಲ್ಲ ನನ್ನ ಮುಖದ ಮೇಲೆ ಬಂತು. ಮಗಳು ನಕ್ಕಳು. ಆ ಸೋಮವಾರದ ಮೇಲೆ ಅದೇ ಮೊದಲು.

ಎರಡು ತಿಂಗಳು ಹೋದ ಮೇಲೆ ಮುದ್ದೆಯ ಪುಟ ಬಂತು. ಕುದಿಯುವ ಎಸರಿಗೆ ರಾಗಿಹಿಟ್ಟು ಹಾಕಿ ಕೋಲಿನಿಂದ ತಿರುವುತ್ತಿದ್ದೆ. ಮಗಳು ಪಕ್ಕದಲ್ಲಿ ಕೂತು ಹೇಳುತ್ತಿದ್ದಳು:

"ಒತ್ತಿ ಅಪ್ಪ. ಒತ್ತಿ ತಿರುವ್ಬೇಕು. ಒಂದು ದ ಮೇಲದೆ, ಇನ್ನೊಂದು ದ ನ ಕೆಳಗೆ ಆಕಿ ಒತ್ತಬೇಕು. ಇಲ್ಲಾಂದ್ರೆ ಮುದೆ ಆಯ್ತದೆ, ಮುದ್ದೆ ಆಗಲ್ಲ. ಅದ್ಕೇ ಅದು ಒತ್ತಕ್ಷರ. ಅವ್ವ ಏಳಿದ್ಲು."

ಹದಿನೈದು ವರ್ಷ ನಾನು ಒತ್ತಕ್ಷರ ಕಲಿಸಿದ್ದೆ. ಅದಕ್ಕೆ ಆ ಹೆಸರು ಏಕೆಂದು ಒಂದು ಮಗುವಿಗೂ ಹೇಳಿರಲಿಲ್ಲ. ಕೋಲು ಹಿಡಿದು ಸುಮ್ಮನೆ ನಿಂತೆ. ಅಷ್ಟರಲ್ಲಿ ತಳ ಹತ್ತಿತು.

ಅವಳು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಬೂದಿಯಿಂದ ಮುದ್ದೆಯವರೆಗೆ ಗಟ್ಟಿಯಾಗಿ ಓದಿದಳು. ಒಂದೂ ತಪ್ಪಲಿಲ್ಲ. ಕೊನೆಗೆ ಒಂದು ಖಾಲಿ ಪುಟ ಸಿಕ್ಕಿತು.

"ಇದು ಯಾವುದು?" ಎಂದೆ.

"ಅದು ನಿಮ್ಮದು. ಹ. 'ಅದ್ನ ನಾ ಬರ್ದ್ರೆ ನಿಮ್ಮಪ್ಪ ನಗ್ತಾರೆ, ಅವರೇ ಬರೀಲಿ ಬುಡು' ಅಂತ ಅವ್ವ ಬಿಟ್ಟಿದ್ಲು."

ಅವತ್ತು ಊಟಕ್ಕೆ ಕೂತಾಗ ಅತ್ತೆ ಮುದ್ದೆಯ ಒಂದು ತುತ್ತು ಮುರಿಯಲು ನೋಡಿದರು, ಆಗಲಿಲ್ಲ. ಇನ್ನೊಂದು ಸಲ ನೋಡಿದರು. ತಟ್ಟೆಯನ್ನು ಪಕ್ಕಕ್ಕೆ ಸರಿಸಿ ನಿಧಾನವಾಗಿ ಹೇಳಿದರು: "ಅಳಿದೇವ್ರೇ, ಒತ್ತು ವಸಿ ಜಾಸ್ತಿ ಆಗದೆ."

೭. ಹೊಳೆ ಆಚೆ

ಇನ್‌ಸ್ಪೆಕ್ಟರು ಬಂದರು. ಬಿಳಿ ಪೇಟ, ಕರಿ ಕೋಟು. ಆಡುವ ಮಾತು ಅಚ್ಚು ಹಾಕಿದ ಹಾಗೆ. 'ಹ'ವನ್ನು ಹೊಟ್ಟೆಯಿಂದ ತೆಗೆಯುತ್ತಿದ್ದರು. ಮಗಳನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗಿ ಹೆಡ್‌ಮಾಸ್ಟರ ಕೋಣೆಯಲ್ಲಿ ಕೂರಿಸಿದೆ. ಮನೆಯಲ್ಲಿ ಅತ್ತೆ ಮಗಳ ಲಂಗಗಳನ್ನು ತಮ್ಮ ಸೀರೆಯ ಜೊತೆ ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದರು. ಮಧ್ಯಾಹ್ನದ ಬಸ್ಸಿಗೆ ಹೊರಡಬೇಕಾದರೆ ಸಿದ್ಧವಾಗಿರಲಿ ಎಂದು.

ಲೆಕ್ಕ ಸರಿಯಾಯಿತು. ಮಗ್ಗಿ ಸರಿಯಾಯಿತು. ಆಮೇಲೆ ಇನ್‌ಸ್ಪೆಕ್ಟರು ಉಕ್ತಲೇಖನ ಕೊಟ್ಟರು:

"ಹಳ್ಳಿಯ ಹಸು ಹಸಿರು ಹುಲ್ಲು ತಿಂದು ಹಾಲು ಕೊಡುತ್ತದೆ."

ಮಗಳು ಬರೆದಳು. ಸ್ಲೇಟನ್ನು ನಾನು ನಿಂತಲ್ಲಿಂದಲೇ ಓದಿದೆ. ಐದು ಹಕಾರ, ಐದೂ ಸರಿ.

"ಭೇಷ್. ಈಗ ಓದು" ಎಂದರು.

ಮಗಳು ಗಟ್ಟಿಯಾಗಿ, ಸ್ಪಷ್ಟವಾಗಿ ಓದಿದಳು: "ಅಳ್ಳಿಯ ಅಸು ಅಸಿರು ಉಲ್ಲು ತಿಂದು ಆಲು ಕೊಡುತ್ತದೆ."

ಇನ್‌ಸ್ಪೆಕ್ಟರು ಸ್ಲೇಟು ನೋಡಿದರು, ಅವಳನ್ನು ನೋಡಿದರು. "ಬರೆದದ್ದು ಒಂದು, ಓದಿದ್ದು ಒಂದು. ಏನಮ್ಮ ಇದು?"

"ಬರೆಯೋದು ಅಪ್ಪನ ಪಾಠ ಸಾರ್. ಓದೋದು ಅವ್ವನ ಪಾಠ."

"ಎರಡು ಪಾಠ ಒಂದು ಸ್ಕೂಲಿನಲ್ಲಿ ನಡೆಯುವುದಿಲ್ಲ" ಎಂದು ಪೆನ್ನಿನ ಮುಚ್ಚಳ ಹಾಕಿದರು. ನನ್ನ ಕಡೆ ತಿರುಗಿ, "ಮೇಷ್ಟರ ಮನೆಯಲ್ಲೇ ಹಕಾರ ಹೀಗಾದರೆ ಹೇಗೆ? ಮುಂದಿನ ವರ್ಷ ನೋಡೋಣ" ಎಂದರು.

ಮುಂದಿನ ವರ್ಷಕ್ಕೆ ಅವಳು ಗದ್ದೆಯ ಬದಿಯಲ್ಲಿ ಕಾಗೆ ಓಡಿಸುತ್ತಿರುತ್ತಾಳೆ ಎಂದು ಹೇಳಬೇಕೆಂದಿದ್ದೆ. ಮಗಳ ಸ್ಲೇಟನ್ನು ಎತ್ತಿಕೊಂಡೆ.

ಇನ್‌ಸ್ಪೆಕ್ಟರು ಕಾಫಿ ಮುಟ್ಟುವವರಲ್ಲ. ಅವರಿಗೆಂದು ಜವಾನ ದೊಡ್ಡ ಲೋಟದಲ್ಲಿ ಬಿಸಿ ಹಾಲು ತರುತ್ತಿದ್ದ. ಹೊಸ್ತಿಲು ದಾಟುವಾಗ ಚಾಪೆಯ ಅಂಚಿಗೆ ಕಾಲು ಸಿಕ್ಕಿತು. ಲೋಟದ ಹಾಲು ಪೂರ್ತಿಯಾಗಿ ಇನ್‌ಸ್ಪೆಕ್ಟರ ತೊಡೆಯ ಮೇಲೆ ಬಿತ್ತು. ಅವರು ಕುರ್ಚಿಯಿಂದ ನೆಗೆದರು.

"ಅಯ್ಯಯ್ಯಪ್ಪೋ! ಏನ್ಲಾ, ಕಣ್ಣು ಕಾಣಾಕಿಲ್ವೇನ್ಲಾ ನಿಂಗೆ? ಇಂಗಾ ಆಲು ಉಯ್ಯೋದು ಮೈಮ್ಯಾಲೆ? ಉರೀತದೆ ಕಣ್ಲಾ, ಓಗು, ನೀರು ತಗಂಬಾ ಓಗ್ಲಾ!"

ಹೆಡ್‌ಮಾಸ್ಟರು ಕಿಟಕಿಯ ಹೊರಗೆ ನೋಡತೊಡಗಿದರು. ಜವಾನ ನೀರಿಗೂ ಹೋಗದೆ ಬಾಯಿ ಬಿಟ್ಟು ನಿಂತಿದ್ದ. ಮಗಳು ನನ್ನ ಕೋಟಿನ ತುದಿ ಜಗ್ಗಿ, ಎಲ್ಲರಿಗೂ ಕೇಳುವಂತೆ ಕೇಳಿದಳು:

"ಅಪ್ಪ, ಇವರು ಅಜ್ಜಿ ಊರೋರಾ?"

ಇನ್‌ಸ್ಪೆಕ್ಟರು ಕರವಸ್ತ್ರದಿಂದ ತೊಡೆ ಒರೆಸಿಕೊಂಡರು. ಪೇಟ ಸರಿಮಾಡಿಕೊಂಡರು. ಕುರ್ಚಿಯಲ್ಲಿ ಕೂತರು. ಮಗಳ ಕಡೆ ತಿರುಗಿ, "ನಿಮ್ಮಜ್ಜಿದು ಯಾವೂರವ್ವ?" ಎಂದರು.

"ಚುಂಚನಕಟ್ಟೆತಾವು ಸಾರ್."

"ನಮ್ದು ಒಳೆ ಆಚೆ ಕಣವ್ವ" ಎಂದು ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿದರು.

ಅತ್ತೆ ಗಂಟು ಬಿಚ್ಚಿ ಲಂಗಗಳನ್ನು ಮತ್ತೆ ಗಳುವಿನ ಮೇಲೆ ಹಾಕಿದರು. ತಮ್ಮ ಸೀರೆಯನ್ನು ಮಾತ್ರ ಕಟ್ಟಿಕೊಂಡು, "ಸರಿ ಬುಡಿ, ಕಾಗೆ ನಾನೇ ಓಡಿಸ್ಕತೀನಿ" ಎಂದು ಬಸ್ಸಿಗೆ ಹೊರಟರು. ಅವರನ್ನು ಹತ್ತಿಸಿ ಬಂದ ಮೇಲೆ ಮಗಳು ಆಜ್ರಿ ಬುಕ್ಕನ್ನೂ ಪೆನ್ಸಿಲನ್ನೂ ತಂದು ನನ್ನ ಮುಂದಿಟ್ಟಳು. ಖಾಲಿ ಪುಟದಲ್ಲಿ ಹ ಎಂದು ಬರೆದೆ. ಪದ ಯಾವುದು ಎಂದು ಕೇಳಿದೆ. ಹಾಜರಿ ಎಂದಳು. ಬರೆದು ಹಾಳೆ ಮಗುಚಿದಾಗ, ರಟ್ಟಿಗೆ ಅಂಟಿಸಿದ್ದ ಕೊನೆಯ ಹಾಳೆ ಅಗುಳು ಒಣಗಿ ಬಿಟ್ಟುಕೊಂಡಿತ್ತು. ಅಂಟಿಸಿದ್ದ ಮಗ್ಗುಲಲ್ಲಿ ನನ್ನ ಹೆಂಡತಿಯ ಕೈಬರಹ ಇತ್ತು. ಒಂದೇ ಪದ, ಹದಿನಾಲ್ಕು ಸಾಲು.

ಮೊದಲ ಹನ್ನೊಂದು ಸಾಲು ಆಲು. ಕೊನೆಯ ಮೂರು ಹಾಲು.